‘ಕರ್ನಾಟಕ’ವು ‘ಕನಾರ್ಟಕ’ವಾದ ಬಗೆ: ಪಿಡಿಎಫ್ ಕಡತಗಳಲ್ಲಿ ಕನ್ನಡ ಅಕ್ಷರದ ಚರಿತ್ರೆ

ಕನ್ನಡದ ಪಿಡಿಎಫ್ ಕಡತಗಳನ್ನು ಆಕರವಾಗಿ ಬಳಸುವ ಸಂಶೋಧಕರಿಗೆ ಮೂರು ಬಗೆಯ ದೋಷಗಳು ಚಿರಪರಿಚಿತ. ಕೆಲವು ಕಡತಗಳಲ್ಲಿ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ಕೆಲವದರಲ್ಲಿ ಒತ್ತಕ್ಷರಗಳು ಕಳಚಿ ಬೇರೆಬೇರೆಯಾಗಿ ನಿಲ್ಲುತ್ತವೆ. ಇನ್ನು ಕೆಲವದರಲ್ಲಿ ಪುಟ ನಿರ್ದೋಷವಾಗಿಯೇ ಇರುತ್ತದೆ. ಆದರೆ ಅದರಿಂದ ನಕಲು ಮಾಡಿದ ‘ಕರ್ನಾಟಕ’ ಎಂಬ ಪದ ‘ಕನಾರ್ಟಕ’ವಾಗುತ್ತದೆ. ಇವನ್ನು ಯಂತ್ರದ ಆಕಸ್ಮಿಕ ತಪ್ಪುಗಳೆಂದು ಭಾವಿಸುವುದೇ ವಾಡಿಕೆ. ವಾಸ್ತವದಲ್ಲಿ ಇವು ಕನ್ನಡ ಅಕ್ಷರವನ್ನು ಬೇರೆಬೇರೆ ಕಾಲಗಳು ಬೇರೆಬೇರೆ ರೀತಿಯಲ್ಲಿ ಗ್ರಹಿಸಿದ್ದರ ಕುರುಹುಗಳು.

1843ರಲ್ಲಿ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಹೊರತಂದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನ ಪತ್ರಿಕೆ. ಕಲ್ಲಚ್ಚಿಗೆ ಪುಟವೆಂದರೆ ಒಂದು ಚಿತ್ರ. ಮುಂದೆ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ 1894ರಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟಿನ ಕಾಲಕ್ಕೆ ಮೊಳೆ ಜೋಡಣೆ ನೆಲೆಗೊಂಡಿತ್ತು. ಮೊಳೆಗಳನ್ನು ಜೋಡಿಸುತ್ತಿದ್ದುದು ಕಣ್ಣಿಗೆ ಕಾಣುವ ಕ್ರಮದಲ್ಲಿ. ‘ಕರ್ನಾಟಕ’ ಎನ್ನುವಾಗ ರಕಾರ ನಕಾರಕ್ಕಿಂತ ಮೊದಲು ಉಚ್ಚಾರವಾಗುತ್ತದೆ. ಬರೆಹದಲ್ಲಿ ಅರ್ಕಾವತ್ತು ‘ನಾ’ದ ಬಳಿಕ ಬರುತ್ತದೆ. ಮುದ್ರಿತ ಪುಟದಲ್ಲಿ ಈ ವ್ಯತ್ಯಾಸ ತೊಡಕಾಗಲಿಲ್ಲ. ಕಾಣುವ ಕ್ರಮವನ್ನು ಉಚ್ಚಾರದ ಕ್ರಮಕ್ಕೆ ತಿರುಗಿಸಿಕೊಳ್ಳುವ ಕೆಲಸವನ್ನು ಓದುಗನೇ ಮಾಡುತ್ತಿದ್ದ.

ಗಣಕಯಂತ್ರ ಬಂದಾಗ ಈ ಎರಡು ಕ್ರಮಗಳು ಎದುರುಬದುರಾದವು. 1991ರ ಭಾರತೀಯ ಮಾನಕವಾದ ಇಸ್ಕಿ ಅಕ್ಷರಗಳನ್ನು ಉಚ್ಚಾರದ ಕ್ರಮದಲ್ಲಿ ದಾಖಲಿಸಿತು. ಆದರೆ ಡಿಟಿಪಿ ಕೇಂದ್ರಗಳಲ್ಲಿ ಬಳಕೆಗೆ ಬಂದ ಪುಟವಿನ್ಯಾಸದ ತಂತ್ರಾಂಶಗಳಿಗೆ ಭಾರತೀಯ ಲಿಪಿಗಳ ಜೋಡಣೆ ತಿಳಿದಿರಲಿಲ್ಲ. ಆದ್ದರಿಂದ ತಲೆಕಟ್ಟು, ಕೊಂಬು, ಒತ್ತುಗಳನ್ನು ತುಂಡುತುಂಡಾಗಿಸಿ, ಒಟ್ಟು 256 ಮನೆಗಳ ಕೋಷ್ಟಕದಲ್ಲಿ ರೋಮನ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಲಾಯಿತು. ನುಡಿ, ಬರಹ, ಶ್ರೀಲಿಪಿಗಳ ಆರಂಭಿಕ ಫಾಂಟ್‌ಗಳು ಈ ಮಾರ್ಗದವು. ಸಣ್ಣ ಊರುಗಳ ಮುದ್ರಕರಿಗೂ ಕನ್ನಡ ಪುಸ್ತಕ ಮುದ್ರಣ ಕೈಗೆಟುಕುವಂತೆ ಮಾಡಿದ ಶ್ರೇಯಸ್ಸು ಇವುಗಳದು. ಆದರೆ ಕಡತದೊಳಗೆ ಇದ್ದದ್ದು ಕನ್ನಡವಲ್ಲ, ಕನ್ನಡದ ವೇಷ ತೊಟ್ಟ ರೋಮನ್ ಸಂಕೇತಗಳು. ಪಿಡಿಎಫ್‌ನಲ್ಲಿ ಫಾಂಟ್ ಅಡಕವಾಗದಿದ್ದರೆ ಆ ವೇಷ ಕಳಚುತ್ತದೆ. ಅಡಕವಾಗಿದ್ದರೆ ಪುಟ ಸರಿಯಾಗಿ ಕಾಣುತ್ತದೆ, ಹುಡುಕಾಟ ಮಾತ್ರ ಫಲಿಸುವುದಿಲ್ಲ.

ಕನ್ನಡಕ್ಕೆ ಜಾಗತಿಕ ಸಂಕೇತವ್ಯವಸ್ಥೆಯಲ್ಲಿ ಸ್ಥಾನ ದೊರೆತದ್ದು 1991ರ ಯುನಿಕೋಡ್ ಮೊದಲ ಆವೃತ್ತಿಯಲ್ಲಿ. ಎರಡು ವರ್ಷಗಳ ಬಳಿಕ, 1993ರಲ್ಲಿ, ಅಡೋಬಿ ಸಂಸ್ಥೆ ಪಿಡಿಎಫ್ ಅನ್ನು ಪ್ರಕಟಿಸಿತು. ಇವೆರಡರ ಉದ್ದೇಶಗಳು ಭಿನ್ನ. ಯುನಿಕೋಡ್ ಅಕ್ಷರದ ಗುರುತನ್ನು ಕಾಯುತ್ತದೆ, ಆಕಾರವನ್ನು ಫಾಂಟಿಗೆ ಬಿಡುತ್ತದೆ. ಪಿಡಿಎಫ್ ಆಕಾರವನ್ನು ಕಾಯುತ್ತದೆ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಫಾಂಟಿನೊಡನೆ ಯುನಿಕೋಡ್ ಕನ್ನಡವನ್ನು ಸಾಮಾನ್ಯ ಬಳಕೆದಾರರಿಗೆ ತಲಪಿಸಿತು. ಪುಟವಿನ್ಯಾಸದ ತಂತ್ರಾಂಶಗಳು ಹಿಂದುಳಿದವು. ಇನ್‌ಡಿಸೈನ್‌ನಲ್ಲಿ ಭಾರತೀಯ ಲಿಪಿಗಳಿಗೆ ತಕ್ಕ ಜೋಡಣೆಯ ವ್ಯವಸ್ಥೆ ಬಂದದ್ದು 2012ರ ಸಿಎಸ್6 ಆವೃತ್ತಿಯಲ್ಲಿ. ಅದನ್ನು ಆಯ್ದುಕೊಳ್ಳದಿದ್ದರೆ ಒತ್ತಕ್ಷರಗಳು ಕಳಚಿಯೇ ಪಿಡಿಎಫ್ ಸೇರುತ್ತವೆ.

ಜೋಡಣೆ ಸರಿಯಿದ್ದರೂ ಪಿಡಿಎಫ್‌ನಲ್ಲಿ ಉಳಿಯುವುದು ಆಕಾರಗಳ ಕ್ರಮಸಂಖ್ಯೆ. ಯಾವ ಆಕಾರ ಯಾವ ಅಕ್ಷರಕ್ಕೆ ಸಮ ಎಂದು ತಿಳಿಸುವ ‘ಟು-ಯುನಿಕೋಡ್’ ಪಟ್ಟಿಗೆ 1996ರ ಆವೃತ್ತಿ ಅವಕಾಶ ಕಲ್ಪಿಸಿತು. ಆದರೆ ಆ ಪಟ್ಟಿ ಆಕಾರದ ಹೆಸರನ್ನು ಹೇಳುತ್ತದೆಯೇ ಹೊರತು ಉಚ್ಚಾರದ ಕ್ರಮವನ್ನಲ್ಲ. ‘ನಾ’ದ ಬಳಿಕ ನಿಂತ ಅರ್ಕಾವತ್ತನ್ನು ಅದು ‘ರ್’ ಎಂದು ಓದುತ್ತದೆ, ‘ಕನಾರ್ಟಕ’ ಹುಟ್ಟುತ್ತದೆ. ಮೊಳೆಯ ಪೆಟ್ಟಿಗೆಯ ಕ್ರಮ ಹೀಗೆ ಗಣಕದೊಳಗೂ ಮರಳಿತು. ಮೂಲಪಠ್ಯವನ್ನೇ ಜೊತೆಗಿರಿಸುವ ‘ಆಕ್ಚುವಲ್ ಟೆಕ್ಸ್ಟ್’ ಸೌಲಭ್ಯ 2001ರ 1.4ನೇ ಆವೃತ್ತಿಯಲ್ಲಿ ಬಂದಿದ್ದರೂ, ಅದನ್ನು ತುಂಬುವುದು ಪಿಡಿಎಫ್ ತಯಾರಿಸುವ ತಂತ್ರಾಂಶಕ್ಕೆ ಬಿಟ್ಟ ವಿಷಯ.

ಗಡಿಯಾಚೆಯ ಕನ್ನಡದ ಅಧ್ಯಯನಕ್ಕೆ ಇದರ ಪರಿಣಾಮ ಗಂಭೀರವಾದುದು. 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ ಆದೋನಿ, ರಾಯದುರ್ಗಗಳನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಮೇಲೆ ಹೇಳಿದ ದೋಷವಿರುವ ಕಡತಸಂಗ್ರಹದಲ್ಲಿ ‘ಆದೋನಿ’ ಎಂದು ಹುಡುಕಿದರೆ ಉಲ್ಲೇಖಗಳು ದೊರೆಯುತ್ತವೆ. ‘ರಾಯದುರ್ಗ’ ದೊರೆಯುವುದಿಲ್ಲ, ಏಕೆಂದರೆ ಅಲ್ಲಿರುವುದು ‘ರಾಯದುಗರ್’. 1956ರಲ್ಲಿ ಕೇರಳಕ್ಕೆ ಸೇರಿದ ಪ್ರದೇಶದಲ್ಲಿಯೂ ಹಾಗೆಯೇ: ‘ಕಾಸರಗೋಡು’ ಸಿಗುತ್ತದೆ, ‘ಹೊಸದುರ್ಗ’ ಕಾಣೆಯಾಗುತ್ತದೆ. ಉಲ್ಲೇಖಗಳ ಎಣಿಕೆಯನ್ನು ನಂಬುವ ಸಂಶೋಧಕನಿಗೆ ಇದು ಆಕರದ ಮೌನದಂತೆ ತೋರುತ್ತದೆ. ಆ ಊರಿನ ಬಗ್ಗೆ ಕನ್ನಡದಲ್ಲಿ ಯಾರೂ ಬರೆಯಲಿಲ್ಲವೆಂಬ ತೀರ್ಮಾನಕ್ಕೂ ಎಡೆಯಾಗಬಹುದು. ಕನ್ನಡ ಓದಬಲ್ಲ ಸಿಬ್ಬಂದಿ ಇಲ್ಲದ ಗ್ರಂಥಾಲಯದಲ್ಲಿ ಅಂತಹ ದೋಷ ಗಮನಕ್ಕೇ ಬರುವುದಿಲ್ಲ.

ದಾಖಲೆ ಸಂರಕ್ಷಣೆಗೆ ರೂಪಿಸಿದ ಪಿಡಿಎಫ್/ಎ ಮಾನಕವೂ ತಾನಾಗಿಯೇ ಪರಿಹಾರವಲ್ಲ. 2005ರ ಮಾನಕದ ‘ಬಿ’ ಹಂತ ಪುಟದ ರೂಪವನ್ನಷ್ಟೇ ಖಾತ್ರಿಪಡಿಸುತ್ತದೆ. 2011ರಲ್ಲಿ ಸೇರಿದ ‘ಯು’ ಹಂತ ಯುನಿಕೋಡ್ ಹೊಂದಾಣಿಕೆಯನ್ನೂ ಬಯಸುತ್ತದೆ, ಕ್ರಮದ ತೊಡಕು ಅಲ್ಲಿಯೂ ಉಳಿಯಬಹುದು. ಆದ್ದರಿಂದ ಸಂಗ್ರಹಕ್ಕೆ ಸೇರಿಸುವ ಮುನ್ನ ಅರ್ಕಾವತ್ತು ಮತ್ತು ಒತ್ತಕ್ಷರಗಳಿರುವ ಕೆಲವು ಪದಗಳನ್ನು ಕಡತದಿಂದ ನಕಲು ಮಾಡಿ ನೋಡುವುದು ಮೊದಲ ಪರೀಕ್ಷೆ. ಪಿಡಿಎಫ್‌ನೊಡನೆ ಅದರ ಮೂಲ ಕಡತವನ್ನೂ ಕಾಪಿಡುವುದು ಎರಡನೆಯ ಎಚ್ಚರ. ಹಳೆಯ ಫಾಂಟಿನ ಕಡತವಾದರೆ ಆ ಫಾಂಟಿನ ಹೆಸರು ಮತ್ತು ಆವೃತ್ತಿಯನ್ನು ಸೂಚಿಯಲ್ಲಿ ನಮೂದಿಸಬೇಕು. ಒಂದೊಂದು ಫಾಂಟಿನ ಕೋಷ್ಟಕವೂ ಬೇರೆಯಾಗಿರುವುದರಿಂದ, ಯುನಿಕೋಡಿಗೆ ಪರಿವರ್ತಿಸಲು ಆ ನಮೂದೇ ಆಧಾರ.