ಕೋವಿಯ ನಳಿಗೆಯೂ ಶಾಸನವೇ: ಮೈಸೂರು ಕೊಡಗು ಸೀಮೆಗಳ ಹಳೆಯ ಕೋವಿಗಳ ಸಾಗಣೆಯ ವಿಚಾರ

ಶಿಲೆ, ತಾಮ್ರಪಟ, ಓಲೆಗರಿ, ಕಡತ ಎಂಬ ಸಾಧನಗಳಿಂದ ನಮ್ಮ ನಾಡಿನ ಪೂರ್ವಚರಿತ್ರೆಯನ್ನು ನಿರ್ಣಯಿಸುವುದು ವಿದ್ವಾಂಸರಲ್ಲಿ ರೂಢವಾಗಿದೆ. ಲೋಹದ ಮೇಲೆ ಅಕ್ಷರಗಳನ್ನು ಹೊತ್ತು, ಕಾಲ, ಸ್ಥಳ, ಕರ್ತೃ ಎಂಬ ಮೂರನ್ನೂ ತಿಳಿಸುವ ಇನ್ನೊಂದು ಸಾಧನವುಂಟು. ಅದು ಹಳೆಯ ಕೋವಿಯ ನಳಿಗೆ. ಶಿಲಾಶಾಸನವು ನೆಟ್ಟಲ್ಲೇ ನಿಂತಿರುತ್ತದೆ. ಕೋವಿಯಾದರೋ ಕೈಯಿಂದ ಕೈಗೆ, ದೇಶದಿಂದ ದೇಶಕ್ಕೆ ಸಾಗುವ ವಸ್ತು. ಹೀಗೆ ಸಾಗುವಾಗ ಅದರ ಸಾಕ್ಷ್ಯವು ಎಷ್ಟು ಉಳಿಯುತ್ತದೆ, ಎಷ್ಟು ಅಳಿಯುತ್ತದೆ ಎಂಬುದನ್ನು ಮೈಸೂರು ಕೊಡಗು ಸೀಮೆಗಳ ನಿದರ್ಶನಗಳಿಂದ ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ವಸ್ತುಸ್ವರೂಪವನ್ನು ಹೇಳಬೇಕು. ಕೋವಿ ಎಂಬುದು ಕನ್ನಡದಲ್ಲಿ ಕೊಳವೆಯೆಂಬ ಅರ್ಥವುಳ್ಳ ಶಬ್ದ. ಬಾಯಿಯ ಕಡೆಯಿಂದ ಮದ್ದನ್ನು ಸುರಿದು, ಗುಂಡನ್ನಿಟ್ಟು, ಗಜದಿಂದ ಜಡಿದು ಈಡು ತುಂಬುವ ಕೋವಿಗಳು ಮೂರು ಬಗೆಯವು: ಉರಿಯುವ ಬತ್ತಿಯಿಂದ ಹೊತ್ತಿಸುವುದು ಬತ್ತಿಯ ಕೋವಿ, ಬೆಣಚುಕಲ್ಲಿನ ಕಿಡಿಯಿಂದ ಹೊತ್ತಿಸುವುದು ಚಕಮಕಿ ಕೋವಿ, ಹತ್ತೊಂಬತ್ತನೆಯ ಶತಮಾನದಲ್ಲಿ ಬಳಕೆಗೆ ಬಂದು, ಮಲೆನಾಡಿನ ಮನೆಗಳಲ್ಲಿ ಬಹುಕಾಲ ಉಳಿದದ್ದು ಕೇಪಿನ ಕೋವಿ. ಹಿಂದಿನಿಂದ ತೋಟಾ ಹಾಕುವ ಕೋವಿಯು ಇವುಗಳಿಗೆ ಈಚಿನದು.

ಟಿಪ್ಪು ಸುಲ್ತಾನನ ಕಾರ್ಖಾನೆಗಳಲ್ಲಿ ಸಿದ್ಧವಾದ ಚಕಮಕಿ ಕೋವಿಗಳ ನಳಿಗೆಗಳ ಮೇಲೆ ಬಬ್ರಿಯೆಂಬ ಹುಲಿಪಟ್ಟೆಯ ಗುರುತು, ಪಟ್ಟಣ ಅಥವಾ ನಗರ ಎಂಬ ಸ್ಥಳನಾಮ, ಕೆಲವೆಡೆ ಕುಶಲಿಯ ಹೆಸರು, ವರ್ಷಸಂಖ್ಯೆ ಇವು ಕಾಣುತ್ತವೆ. ಪಟ್ಟಣವೆಂದರೆ ಶ್ರೀರಂಗಪಟ್ಟಣ, ನಗರವೆಂದರೆ ಬಿದನೂರು. ಈ ವರ್ಷಸಂಖ್ಯೆಯನ್ನು ಓದುವುದರಲ್ಲಿ ಎರಡು ತೊಡಕುಗಳುಂಟು. ಸುಲ್ತಾನನು ಹಿಜರಿ ಶಕವನ್ನು ಬಿಟ್ಟು ಮೌಲೂದಿ ಎಂಬ ಹೊಸ ಶಕವನ್ನು ಸುಮಾರು ೧೭೮೭ರಲ್ಲಿ ಜಾರಿಗೆ ತಂದನು. ಅಲ್ಲದೆ ಅಂಕಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದನು. ಆದಕಾರಣ ೧೨೧೫ ಎಂಬುದು ನಳಿಗೆಯ ಮೇಲೆ ೫೧೨೧ ಎಂದು ತೋರುತ್ತದೆ. ಅಂಕಕ್ರಮವನ್ನು ಸರಿಪಡಿಸಿಕೊಂಡವನೂ ಅದನ್ನು ಹಿಜರಿಯೆಂದು ಬಗೆದರೆ ಕ್ರಿ. ಶ. ೧೮೦೦-೦೧ ಬರುತ್ತದೆ, ಎಂದರೆ ೧೭೯೯ರಲ್ಲಿ ಮಡಿದ ಅರಸನ ಕೋವಿ ಅವನ ಮರಣಾನಂತರ ತಯಾರಾಯಿತೆಂದು ಹೇಳಬೇಕಾಗುತ್ತದೆ! ನಮ್ಮ ಷಷ್ಟಿಸಂವತ್ಸರ ಚಕ್ರವನ್ನು ಅನುಸರಿಸಿ, ಕಟಪಯಾದಿಯಂತೆ ಅಕ್ಷರಗಳಿಗೆ ಸಂಖ್ಯೆಯನ್ನು ಕೊಡುವ ಸಂಕೇತದಿಂದ ಆತನು ವರ್ಷಗಳಿಗೆ ಹೆಸರಿಟ್ಟಿದ್ದನೆಂಬುದನ್ನು ನೆನೆದರೆ, ಈ ಬರಹಗಳು ಪಂಚಾಂಗಜ್ಞರಿಗೂ ವಿಚಾರಣೀಯವೆಂಬುದು ಸ್ಪಷ್ಟವಾಗುತ್ತದೆ.

ಇಂಥ ಕೋವಿಗಳ ಮೊದಲನೆಯ ದೊಡ್ಡ ಸಾಗಣೆ ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣವು ಬಿದ್ದ ಮೇಲೆ ನಡೆಯಿತು. ಕೋಟೆಯಲ್ಲಿ ದೊರೆತ ವಸ್ತುಗಳನ್ನು ಗೆದ್ದ ಸೈನ್ಯಕ್ಕೆ ಹಂಚುವುದಕ್ಕಾಗಿ ಒಂದು ಸಮಿತಿ ಏರ್ಪಟ್ಟಿತು. ಉತ್ತಮವಾದ ಆಯುಧಗಳು ಕಾಣಿಕೆಗಳಾಗಿಯೂ ಸೇನಾನಿಗಳ ಸ್ವಂತ ಪಾಲುಗಳಾಗಿಯೂ ಹಡಗುಗಳನ್ನೇರಿ ಇಂಗ್ಲೆಂಡಿಗೆ ಹೋದವು. ಅದೇ ಕೋಟೆಯಿಂದ ಹೋದ ಪುಸ್ತಕಗಳ ಭಾಗ್ಯ ಬೇರೆಯಾಯಿತು. ಸುಲ್ತಾನನ ಗ್ರಂಥಭಂಡಾರಕ್ಕೆ ಚಾರ್ಲ್ಸ್ ಸ್ಟೂವರ್ಟನು ರಚಿಸಿದ ವಿವರಣಾತ್ಮಕ ಸೂಚಿಯು ೧೮೦೯ರಲ್ಲಿಯೇ ಅಚ್ಚಾಯಿತು. ಕೋವಿಗಳನ್ನೇ ವಿಷಯವಾಗಿಟ್ಟುಕೊಂಡ ರಾಬಿನ್ ವಿಗಿಂಗ್ಟನ್ನನ ವಿಸ್ತಾರವಾದ ಗ್ರಂಥವು ಹೊರಬಂದುದು ೧೯೯೨ರಲ್ಲಿ. ಸೂಚಿಯೊಡನೆ ಹೋದ ಗ್ರಂಥವು ಪರದೇಶದಲ್ಲಿದ್ದರೂ ನಮ್ಮ ವಿದ್ಯೆಗೆ ಎಟುಕುತ್ತದೆ. ಸೂಚಿಯಿಲ್ಲದೆ ಹೋದ ಕೋವಿಯು ಗೋಡೆಯ ಅಲಂಕಾರವಾಗಿ ಮಾತ್ರ ಉಳಿಯುತ್ತದೆ.

ಇದಕ್ಕೆ ಅನ್ವಯ ವ್ಯತಿರೇಕ ದೃಷ್ಟಾಂತಗಳೆರಡನ್ನು ಕೊಡಬಹುದು. ೨೦೧೯ರ ಮಾರ್ಚಿಯಲ್ಲಿ ಇಂಗ್ಲೆಂಡಿನ ಬರ್ಕ್‌ಶೈರಿನಲ್ಲಿ ಬೆಳ್ಳಿಯ ಕಟ್ಟುಳ್ಳ ಚಕಮಕಿ ಕೋವಿಯೊಂದು ಸನೀನಿನೊಡನೆ ಹರಾಜಾಯಿತು. ಅದು ಈಸ್ಟ್ ಇಂಡಿಯಾ ಕಂಪೆನಿಯ ಮೇಜರ್ ಥಾಮಸ್ ಹಾರ್ಟನು ಶ್ರೀರಂಗಪಟ್ಟಣದಿಂದ ಒಯ್ದದ್ದು. ಮನೆಯೊಂದರ ಅಟ್ಟದಲ್ಲಿ ಮರೆತುಬಿದ್ದಿದ್ದರೂ, ಒಯ್ದವನ ಹೆಸರು ವಸ್ತುವಿನೊಡನೆ ಉಳಿದುಬಂದುದರಿಂದಲೇ ಅದರ ಚರಿತ್ರೆ ನಿರ್ಧಾರವಾಯಿತು. ಇನ್ನು ೨೦೧೮ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ ಪಾಳುಬಾವಿಯೊಂದರಿಂದ ಸಾವಿರಕ್ಕೂ ಮಿಕ್ಕ ಕಬ್ಬಿಣದ ರಾಕೆಟ್ಟುಗಳನ್ನು ರಾಜ್ಯದ ಪುರಾತತ್ತ್ವ ಇಲಾಖೆಯವರು ಹೊರತೆಗೆದರು. ಅವುಗಳ ಮೇಲೆ ಅಕ್ಷರವಿಲ್ಲದಿದ್ದರೂ ಸಿಕ್ಕಿದ ನೆಲವೇ ಅವುಗಳಿಗೆ ಸಾಕ್ಷಿಯಾಯಿತು. ಅವೇ ರಾಕೆಟ್ಟುಗಳು ಒಂದೊಂದಾಗಿ ಹಳೆಯ ಕಬ್ಬಿಣದ ಅಂಗಡಿಯ ಮೂಲಕ ಚದರಿಹೋಗಿದ್ದರೆ ಯಾರು ಅವುಗಳನ್ನು ಗುರುತಿಸುತ್ತಿದ್ದರು?

ಮೈಸೂರಿನ ಕೋವಿಗಳು ಹೊರಗೆ ಹೋದವು. ಕೊಡಗಿನವು ಮನೆಯಲ್ಲೇ ಉಳಿದವು. ೧೮೫೭ರ ದಂಗೆಯ ಬಳಿಕ ಜನರಿಂದ ಆಯುಧಗಳನ್ನು ತೆಗೆದುಕೊಳ್ಳುವ ಕಾನೂನು ಬಂದಾಗ, ಕಮಿಷನರ್ ಮಾರ್ಕ್ ಕಬ್ಬನ್ನನು ೧೮೬೧ರಲ್ಲಿ ಕೊಡಗರಿಗೆ ವಿನಾಯಿತಿಯನ್ನು ಕೊಟ್ಟನು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ದೊರೆತ ಆ ಸೌಲಭ್ಯವು ಕಾಲಕಾಲಕ್ಕೆ ಮುಂದುವರಿದು, ಕೇಂದ್ರ ಸರ್ಕಾರದ ೨೦೧೯ರ ಆಜ್ಞೆಯಿಂದ ೨೦೨೯ರ ಅಕ್ಟೋಬರ್ ಕೊನೆಯವರೆಗೆ ವಿಸ್ತರಿಸಲ್ಪಟ್ಟಿದೆ. ೨೦೨೧ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದಿನಲ್ಲಿ ಪೂಜೆಗೊಂಡು, ಪುತ್ತರಿಯಲ್ಲಿ ಕದಿರು ತೆಗೆಯುವಾಗ ಈಡಾಗಿ ಮೊಳಗುವ ಕೋವಿಯು ಆ ಮನೆತನದ ಕಡತಕ್ಕೆ ಸಮಾನ. ಅದನ್ನು ಮನೆಯಿಂದ ಕದಲಿಸುವಾಗ ಅದರ ಕಥೆಯೂ ಕದಲುತ್ತದೆ.

ಇಂದು ಅಂಥ ವಸ್ತುವನ್ನು ವಸ್ತುಸಂಗ್ರಹಾಲಯಕ್ಕೋ ದೂರದ ಬಂಧುವಿಗೋ ಕಳುಹಿಸಬೇಕಾದರೆ ವಿಧಿಯೇನು? ದಾರಿಗೇನೂ ಕೊರತೆಯಿಲ್ಲ. ನಾವಿರುವ ಬೈಯಪ್ಪನಹಳ್ಳಿಯನ್ನೇ ನೋಡಬಹುದು: ೧೭೯೧ರಲ್ಲಿ ಕಾರ್ನ್‌ವಾಲಿಸನ ಸೈನ್ಯವು ಕೋಲಾರ ಹೊಸಕೋಟೆಗಳ ಮೂಲಕ ಬೆಂಗಳೂರಿಗೆ ಬಂದುದು ಈ ಪೂರ್ವದಿಕ್ಕಿನಿಂದಲೇ, ಹಲಸೂರಿನಿಂದ ಕೃಷ್ಣರಾಜಪುರಕ್ಕೆ ಸಾಗುವ ಹಳೆಯ ಮದರಾಸು ರಸ್ತೆ ಇದರ ಮಗ್ಗುಲಲ್ಲಿದೆ, ೧೮೬೪ರಲ್ಲಿ ಜೋಲಾರಪೇಟೆಯಿಂದ ದಂಡಿಗೆ ಬಂದ ರೈಲುಹಾದಿಯೂ ಇಲ್ಲಿಯೇ ಹಾಯುತ್ತದೆ, ೨೦೨೨ರಿಂದ ವಿಶ್ವೇಶ್ವರಯ್ಯನವರ ಹೆಸರಿನ ನಿಲ್ದಾಣದ ರೈಲುಗಳು ಇಲ್ಲಿಂದ ಹೊರಡುತ್ತಿವೆ. ಆದರೆ ಕೋವಿಯು ಬಟ್ಟೆಬರೆಯಂತೆ ಕಟ್ಟಿ ಒಪ್ಪಿಸುವ ವಸ್ತುವಲ್ಲ. ೧೯೫೯ರ ಆಯುಧಗಳ ಅಧಿನಿಯಮದ ೧೨ನೆಯ ಪ್ರಕರಣವು ಆಯುಧಗಳ ಸಾಗಣೆಯನ್ನು ನಿರ್ಬಂಧಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಹೊರದೇಶದ ಸಾಗಣೆಗೆ ೧೦ನೆಯ ಪ್ರಕರಣದಂತೆ ಪರವಾನಗಿ ಬೇಕು.

೪೫ನೆಯ ಪ್ರಕರಣದಲ್ಲಿ ಒಂದು ವಿನಾಯಿತಿಯುಂಟು. ಬಳಕೆತಪ್ಪಿದ ಮಾದರಿಯ, ಅಥವಾ ಪುರಾತನಮೌಲ್ಯದ, ಅಥವಾ ಕೆಟ್ಟುಹೋದ ಆಯುಧವು, ದುರಸ್ತಿ ಮಾಡಿದರೂ ಮಾಡದಿದ್ದರೂ ಈಡು ಹಾರಿಸಲು ಬಾರದುದಾದರೆ, ಅದಕ್ಕೆ ಈ ಅಧಿನಿಯಮವು ತಗಲುವುದಿಲ್ಲ. ಈಡು ಹಾರಿಸಲು ಬಾರದೆಂಬ ವಿಶೇಷಣವು ಕೊನೆಯ ಪದಕ್ಕೆ ಮಾತ್ರ ಅನ್ವಯಿಸುವುದೋ, ಮೂರಕ್ಕೂ ಅನ್ವಯಿಸುವುದೋ? ಮೂರಕ್ಕೂ ಎಂಬ ಅನ್ವಯವೇ ವಾಕ್ಯಸ್ವಾರಸ್ಯಕ್ಕೆ ಒಪ್ಪುತ್ತದೆ, ಕಳುಹಿಸುವವನಿಗೂ ಕ್ಷೇಮಕರ. ಅಂದಮೇಲೆ ಹಳೆಯದೆಂಬ ಒಂದೇ ಕಾರಣದಿಂದ ವಿನಾಯಿತಿ ದೊರೆಯದು. ಅಮೆರಿಕದ ೧೯೬೮ರ ಕಾನೂನು ೧೮೯೮ರೊಳಗೆ ತಯಾರಾದುದನ್ನು ಕಾಲಮಾತ್ರದಿಂದ ಪುರಾತನವೆಂದು ಬಗೆಯುತ್ತದೆ. ನಮ್ಮದು ಶಕ್ತಿಯನ್ನು ನೋಡುತ್ತದೆ. ಮೇಲಾಗಿ, ನೂರು ವರ್ಷಕ್ಕೆ ಕಡಮೆಯಿಲ್ಲದ ಪುರಾವಸ್ತುವನ್ನು ಸರ್ಕಾರವೂ ಅದು ನೇಮಿಸಿದ ಸಂಸ್ಥೆಯೂ ಹೊರತು ಮಿಕ್ಕವರು ದೇಶದಿಂದ ಹೊರಗೆ ಕಳುಹಿಸಕೂಡದೆಂದು ೧೯೭೨ರ ಪುರಾವಸ್ತು ಅಧಿನಿಯಮವು ವಿಧಿಸುತ್ತದೆ.

ಇಲ್ಲಿ ಒಂದು ಅಪಾಯವುಂಟು. ವಿನಾಯಿತಿಯ ಆಸೆಯಿಂದ ನಳಿಗೆಗೆ ರಂಧ್ರ ಕೊರೆದು, ಲೋಹವನ್ನು ಕರಗಿಸಿ ಹೊಯ್ದು, ಮೇಲ್ಮೈಯನ್ನು ಅರದಿಂದ ಉಜ್ಜಿದರೆ ಶಾಸನವನ್ನೇ ಒಡೆದಂತಾಗುತ್ತದೆ. ಪರವಾನಗಿಯನ್ನು ಪಡೆದು ಅಖಂಡವಾಗಿ ಕಳುಹಿಸುವುದು ಶ್ರಮವಾದರೂ ಮೇಲು.

ಇನ್ನೊಂದು ಎಚ್ಚರಿಕೆ ಪ್ರಾಣಕ್ಕೆ ಸಂಬಂಧಿಸಿದ್ದು. ಬಾಯಿಂದ ತುಂಬುವ ಕೋವಿಯಲ್ಲಿ ಈಡು ಇದೆಯೋ ಇಲ್ಲವೋ ಹೊರಗಿನಿಂದ ಕಾಣದು. ಅಜ್ಜನ ಕಾಲದ ಮದ್ದು ಒಣಗಿದ್ದರೆ ಇಂದಿಗೂ ಸಿಡಿಯಬಲ್ಲುದು. ಬಾಯಿಯನ್ನು ಜನರಿಲ್ಲದ ಕಡೆಗೆ ತಿರುಗಿಸಿ, ಮರದ ಕಡ್ಡಿಯನ್ನು ನಳಿಗೆಯೊಳಗೆ ಮೆಲ್ಲನೆ ಇಳಿಬಿಟ್ಟು, ಬಾಯಿಯ ಮಟ್ಟಕ್ಕೆ ಗುರುತುಹಾಕಿ, ಹೊರತೆಗೆದು ನಳಿಗೆಯ ಪಕ್ಕದಲ್ಲಿಟ್ಟು ಅಳೆಯಬೇಕು. ಕಡ್ಡಿಯು ಬುಡದ ಕಿವಿರಂಧ್ರದವರೆಗೆ ಮುಟ್ಟದಿದ್ದರೆ ಒಳಗೆ ಈಡಿರಬಹುದೆಂದು ತಿಳಿದು ಬಲ್ಲವರಿಗೆ ಒಪ್ಪಿಸಬೇಕು. ಮದ್ದನ್ನಂತೂ ಅಂಚೆಗೆ ಹಾಕಲೇಕೂಡದು. ೧೮೯೮ರ ಅಂಚೆ ಕಾನೂನೇ ಸ್ಫೋಟಕವನ್ನು ನಿಷೇಧಿಸಿತ್ತು.

ಕೊನೆಗೆ, ಕೋವಿಯು ಹೊಸ್ತಿಲನ್ನು ದಾಟುವ ಮೊದಲೇ ಅದರ ಅಕ್ಷರಗಳ ಅಚ್ಚನ್ನು ತೆಳುಕಾಗದದ ಮೇಲೆ ತೆಗೆದು, ಉದ್ದವನ್ನೂ ತೂಕವನ್ನೂ ಗುರುತುಗಳನ್ನೂ ಬರೆದು, ಯಾವ ಊರಿನ ಯಾವ ಮನೆಯಿಂದ, ಯಾವ ತಿಥಿಯಲ್ಲಿ, ಯಾರಿಗೆ ಹೋಯಿತೆಂಬ ಪತ್ರವನ್ನು ಎರಡು ಪ್ರತಿ ಮಾಡಬೇಕು; ಒಂದು ಪೆಟ್ಟಿಗೆಯೊಳಗೆ, ಮತ್ತೊಂದು ಮನೆಯಲ್ಲಿ. ಪರವಾನಗಿಯ ಕಾಗದವನ್ನೂ ಕೆಲಸ ಮುಗಿಯಿತೆಂದು ಹರಿಯದೆ ಇದರ ಜೊತೆಗಿಡಬೇಕು. ೧೭೯೯ರಲ್ಲಿ ಪುಸ್ತಕಗಳಿಗೆ ಸಂದ ಗೌರವವು ಕೋವಿಗಳಿಗೆ ಸಲ್ಲಲಿಲ್ಲ. ಉಳಿದಿರುವ ಕೋವಿಗಳಿಗಾದರೂ ಅದು ಸಲ್ಲುವಂತೆ, ತಮ್ಮ ತಮ್ಮ ಊರುಗಳಲ್ಲಿ ಇಂಥ ಪತ್ರಗಳನ್ನು ಮಾಡಿಸಿಡಬೇಕೆಂದು ವಿದ್ವಾಂಸರಲ್ಲಿಯೂ ಉಪಾಧ್ಯಾಯರಲ್ಲಿಯೂ ವಿಜ್ಞಾಪಿಸುತ್ತೇನೆ.