ಅಹ್ಮದಾಬಾದಿನ ಮರೆತ ಧ್ವನಿಸುರುಳಿಗಳು

ಎಲೆಕ್ಟ್ರಾನಿಕ್ ಸಂಗೀತವೆಂದರೆ ನಮಗೆ ಸಿನಿಮಾ ಹಾಡಿನ ಕೀಬೋರ್ಡ್ ನೆನಪಾಗುತ್ತದೆ, ಇಲ್ಲವೇ ಅದು ಪರದೇಶದ ಸರಕೆನಿಸುತ್ತದೆ. ಆದರೆ 1969ರಷ್ಟು ಹಿಂದೆಯೇ ಅಹ್ಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಇಂಥ ಸಂಗೀತಕ್ಕೆಂದೇ ಒಂದು ಸ್ಟುಡಿಯೊ ಇತ್ತು.

ಅದರ ಹಿಂದೆ ಒಂದು ಸ್ನೇಹದ ಕಥೆಯಿದೆ. 1946ರಲ್ಲಿ ಗೀತಾ ಸಾರಾಭಾಯಿ ನ್ಯೂಯಾರ್ಕಿನಲ್ಲಿ ಜಾನ್ ಕೇಜ್ ಅವರಿಂದ ಪಾಶ್ಚಾತ್ಯ ಸಂಗೀತ ಕಲಿತರು. ಶುಲ್ಕದ ಬದಲು ಅವರಿಗೆ ಭಾರತೀಯ ಸಂಗೀತ ಕಲಿಸಿದರು. ಸಂಗೀತವಿರುವುದು ಮನಸ್ಸನ್ನು ಶಾಂತಗೊಳಿಸಲು ಎಂಬ ಗೀತಾ ಅವರ ಮಾತನ್ನು ಕೇಜ್ ಮರೆಯಲೇ ಇಲ್ಲ. ಮುಂದೆ ಕೇಜ್ ಅವರ ಒಡನಾಡಿ ಡೇವಿಡ್ ಟ್ಯೂಡರ್ ಅಹ್ಮದಾಬಾದಿಗೆ ಬಂದು, ಮೂಗ್ ಸಿಂಥೆಸೈಸರ್ ಮತ್ತು ಟೇಪ್ ಯಂತ್ರಗಳ ಸ್ಟುಡಿಯೊ ಕಟ್ಟಿಕೊಟ್ಟರು.

ಸಿಂಥೆಸೈಸರಿನಲ್ಲಿ ನಾದ ಹುಟ್ಟುವುದು ವಿದ್ಯುತ್ತಿನಿಂದ. ತಂತಿಗಳನ್ನು ಬೇರೆ ಬೇರೆ ರಂಧ್ರಗಳಿಗೆ ಸಿಕ್ಕಿಸಿ, ಗುಂಡಿಗಳನ್ನು ತಿರುಗಿಸಿ ಅದಕ್ಕೆ ರೂಪ ಕೊಡಬೇಕು. ಟೇಪಿನ ತುಂಡೊಂದರ ಎರಡು ತುದಿ ಅಂಟಿಸಿದರೆ ಅದೇ ಧ್ವನಿ ಬಳೆಯಂತೆ ಸುತ್ತುತ್ತಲೇ ಇರುತ್ತದೆ. ತಂಬೂರಿಯ ಶ್ರುತಿ ಕೇಳಿ ಬೆಳೆದವರಿಗೆ ಇದು ತೀರ ಅಪರಿಚಿತವೇನಲ್ಲ. ಗೀತಾ ಸಾರಾಭಾಯಿ, ಅತುಲ್ ದೇಸಾಯಿ, ಐ.ಎಸ್. ಮಾಥುರ್, ಎಸ್.ಸಿ. ಶರ್ಮಾ, ಜಿನರಾಜ್ ಜೋಶಿಪುರ ಅಲ್ಲಿ ಪ್ರಯೋಗಗಳಲ್ಲಿ ತೊಡಗಿದರು.

ಕೆಲವೇ ವರ್ಷಗಳಲ್ಲಿ ಈ ಚಟುವಟಿಕೆ ನಿಂತುಹೋಯಿತು. ಸುರುಳಿಗಳು ಸಂಸ್ಥೆಯ ಸಂಗ್ರಹದಲ್ಲಿ ಸುಮ್ಮನೆ ಕುಳಿತವು. ಬ್ರಿಟನ್ನಿನ ಕಲಾವಿದ ಪಾಲ್ ಪರ್ಗಾಸ್ ಅವುಗಳನ್ನು ಹುಡುಕಿ ತೆಗೆದ ಮೇಲೆ, 2023ರಲ್ಲಿ ಆಯ್ದ ಭಾಗಗಳ ಸಂಕಲನ ಹೊರಬಂತು. ಅರ್ಧ ಶತಮಾನದ ಬಳಿಕ ಆ ಹೆಸರುಗಳು ಕೇಳುಗರನ್ನು ತಲುಪಿದವು.

ಇದರಲ್ಲಿ ನಾವು ಗಮನಿಸಬೇಕಾದ ಸಂಗತಿಯಿದೆ. ರಾಗವನ್ನು ಗುರು ಶಿಷ್ಯನ ಕಂಠಕ್ಕೆ ದಾಟಿಸುತ್ತಾನೆ. ಗುರು ತೀರಿಕೊಂಡರೂ ರಾಗ ಬದುಕುತ್ತದೆ. ಯಂತ್ರದ ಮುಂದೆ ಕುಳಿತು, ಆಲಿಸುತ್ತ, ಆ ಕ್ಷಣಕ್ಕೆ ಹೊಳೆದಂತೆ ನುಡಿಸಿದ್ದಕ್ಕೆ ಸ್ವರಲಿಪಿಯೂ ಇಲ್ಲ, ಶಿಷ್ಯ ಪರಂಪರೆಯೂ ಇಲ್ಲ. ಟೇಪೊಂದೇ ಸಾಕ್ಷಿ. ಆ ಟೇಪೋ, ಸೆಖೆಗೂ ತೇವಕ್ಕೂ ಹಾಳಾಗುವ ವಸ್ತು. ಅದು ಹಾಳಾಗಿದ್ದರೆ ಟ್ಯೂಡರ್ ಹೆಸರು ಅಮೆರಿಕದ ಸಂಗೀತ ಚರಿತ್ರೆಯಲ್ಲಿ ಹೇಗೂ ಉಳಿಯುತ್ತಿತ್ತು. ಶರ್ಮಾ, ಮಾಥುರ್ ಅವರ ನಾದವನ್ನು ಯಾರು ಹೇಳುತ್ತಿದ್ದರು?

ಬಂದುಹೋದ ಅತಿಥಿಯನ್ನು ನೆನೆದು ಮನೆಯವರನ್ನು ಮರೆಯುವ ಚರಿತ್ರೆ ನಮ್ಮಲ್ಲಿ ಬಹಳವಿದೆ. ನಮ್ಮ ಊರುಗಳ ಕಪಾಟುಗಳಲ್ಲಿರುವ ಹಳೆಯ ಕ್ಯಾಸೆಟ್ಟುಗಳನ್ನು ಎಸೆಯುವ ಮೊದಲು ಒಮ್ಮೆ ಕೇಳಿನೋಡುವುದು ಒಳ್ಳೆಯದು.