ವ್ಯಾಕ್ಸಿನ್ ಡಿಪೋ ಮತ್ತು ನಮ್ಮ ಲೆಕ್ಕಕ್ಕೆ ಸಿಗದ ಲಸಿಕೆ

ಸಾಂಬ್ರಾದಲ್ಲಿ ವಿಮಾನ ಇಳಿದು ಬೆಳಗಾವಿಯ ಟಿಳಕವಾಡಿಗೆ ಹೊರಟರೆ ‘ವ್ಯಾಕ್ಸಿನ್ ಡಿಪೋ’ ಅಂದ್ರೆ ಸಾಕು, ವಿಳಾಸ ಬೇಕಿಲ್ಲ. ಮರಗಳು, ಮೈದಾನ, ಬೆಳಗಿನ ವಾಕಿಂಗ್. ಆದರೆ ಆ ಹೆಸರಲ್ಲಿ ವ್ಯಾಕ್ಸಿನ್ ಯಾಕಿದೆ ಅಂತ ಕೇಳೋರು ಕಡಿಮೆ.

ಬ್ರಿಟಿಷರ ಕಾಲದಲ್ಲಿ ಮುಂಬೈ ಪ್ರಾಂತ್ಯಕ್ಕೆ ಬೇಕಾದ ಸಿಡುಬಿನ ಲಸಿಕೆ ತಯಾರಾಗುತ್ತಿದ್ದದ್ದು ಇಲ್ಲೇ. ಆಗಿನ ವಿಧಾನ ಹೀಗಿತ್ತು: ಕರುವಿನ ಚರ್ಮ ಬೋಳಿಸಿ, ಗೀರಿ, ಲಸಿಕೆಯ ವೈರಸ್ ಹಚ್ಚೋದು, ಕೆಲವು ದಿನಗಳ ಮೇಲೆ ಎದ್ದ ಗುಳ್ಳೆಗಳನ್ನು ಕೆರೆದು ತೆಗೆಯೋದು. ಆ ದ್ರವ ಬಿಸಿಲಿಗೆ ಬೇಗ ಕೆಡುತ್ತಿತ್ತು. ಮುಂದೆ ಶಾಖ ತಡೆಯುವ ಒಣ ಲಸಿಕೆ ಬಂದಾಗ, ದೇಶದಲ್ಲಿ ಅದನ್ನು ತಯಾರಿಸಿದ ನಾಲ್ಕು ಸಂಸ್ಥೆಗಳಲ್ಲಿ ಬೆಳಗಾವಿಯದೂ ಒಂದು. 1975ರ ಮೇ ತಿಂಗಳಲ್ಲಿ ಭಾರತದ ಕೊನೆಯ ಸಿಡುಬು ಪ್ರಕರಣ ದಾಖಲಾಯಿತು.

ಸಿಡುಬು ಮುಖದ ಮೇಲೇ ಕಾಣುವ ರೋಗ, ಹಾಗಾಗಿ ಹೆದರಿಕೆಯೂ ಇತ್ತು. ಹೆಪಟೈಟಿಸ್ ಬಿ ಹಾಗಲ್ಲ. ರಕ್ತದಿಂದ, ಸೂಜಿಯಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ ದಾಟಿ, ಯಕೃತ್ತಿನಲ್ಲಿ ದಶಕಗಟ್ಟಲೆ ಸದ್ದಿಲ್ಲದೆ ಕೂತಿರುತ್ತದೆ. ಗೊತ್ತಾಗುವ ಹೊತ್ತಿಗೆ ಸಿರೋಸಿಸ್ ಅಥವಾ ಕ್ಯಾನ್ಸರ್ ಆಗಿರಬಹುದು. ಹುಟ್ಟುವಾಗಲೇ ಸೋಂಕು ತಗುಲಿದರೆ ಸುಮಾರು 90% ಮಕ್ಕಳಲ್ಲಿ ಅದು ಜೀವನಪೂರ್ತಿ ಉಳಿಯುತ್ತದೆ; ದೊಡ್ಡವರಲ್ಲಿ 5%ಗಿಂತ ಕಡಿಮೆ. ಮೊದಲ ಡೋಸ್ ಹುಟ್ಟಿದ 24 ಗಂಟೆಯೊಳಗೇ ಬೀಳಬೇಕು ಅನ್ನೋದು ಇದಕ್ಕೇ.

ಈ ವೈರಸ್‌ನ ಸುಳಿವು ಹಿಡಿದ ಬರೂಕ್ ಬ್ಲೂಮ್‌ಬರ್ಗ್‌ಗೆ 1976ರಲ್ಲಿ ನೊಬೆಲ್ ಬಂತು. 1980ರ ದಶಕದಲ್ಲೇ ಲಸಿಕೆಯೂ ಬಂತು, ಆದರೆ ಬೆಲೆ ನಮ್ಮ ಕೈಗೆ ಎಟುಕುವಂತಿರಲಿಲ್ಲ. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಸ್ವದೇಶಿ ಲಸಿಕೆ ತಂದ ಮೇಲೆ ಬೆಲೆ ಇಳಿಯಿತು. ಸರ್ಕಾರಿ ಲಸಿಕಾ ಕಾರ್ಯಕ್ರಮ ಕರ್ನಾಟಕದಲ್ಲಿ ಇದನ್ನು ವ್ಯಾಪಕವಾಗಿ ಸೇರಿಸಿಕೊಂಡದ್ದು 2007-08ರ ಹೊತ್ತಿಗೆ.

ಈಗ ನಿಮ್ಮ ಹುಟ್ಟಿದ ವರ್ಷ ನೆನಪಿಸಿಕೊಳ್ಳಿ. ಈ ಪುಸ್ತಕ ಹಿಡಿದಿರುವ ಬಹುಪಾಲು ಜನ ಆ ಸಾಲಿಗಿಂತ ಹಿಂದಿನವರು. ಅಪ್ಪ ಅಮ್ಮ ಖಾಸಗಿಯಾಗಿ ಹಾಕಿಸಿರದಿದ್ದರೆ ನಮಗೆ ಈ ಲಸಿಕೆ ಸಿಕ್ಕಿಲ್ಲ. ತೋಳಿನ ಮೇಲೆ ಅಜ್ಜಿಯ ಸಿಡುಬು ಲಸಿಕೆಯಂಥ ಕಲೆಯೂ ಇರಲ್ಲ, ನೋಡಿ ಹೇಳೋಕೆ.

ಹಾಗಾಗಿ ನನ್ನ ಸಲಹೆ ಸರಳ: ಮುಂದಿನ ಹೆಲ್ತ್ ಚೆಕಪ್‌ನಲ್ಲಿ ಕೊಲೆಸ್ಟ್ರಾಲ್ ಜೊತೆ ಹೆಪಟೈಟಿಸ್ ಬಿ ಪರೀಕ್ಷೆಯ ಬಗ್ಗೆಯೂ ವೈದ್ಯರನ್ನು ಕೇಳಿ. ಸೋಂಕು ಇಲ್ಲ, ಲಸಿಕೆಯೂ ಆಗಿಲ್ಲ ಅಂದ್ರೆ ಸಾಮಾನ್ಯವಾಗಿ ಮೂರು ಡೋಸ್: ಇವತ್ತು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಸೋಂಕು ಇದ್ದರೆ ಚಿಕಿತ್ಸೆ ಇದೆ, ಮನೆಯವರಿಗೆ ಲಸಿಕೆ ಇದೆ.